ರಾಹುಕಾಲಕ್ಕೆ ನಿಂತ ಡಾಸ್

ಆ ಶನಿವಾರ ಬೆಳಿಗ್ಗೆ ನಾನು ಕಚೇರಿಗೆ ಬರುವಷ್ಟರಲ್ಲಿ ಜೋಯಿಸರು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಹೊಸ ಫ್ಲಾಪಿಗಳ ಕಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಕಚೇರಿ ಎಂದರೆ ಮುಲುಂಡ್ ಸ್ಟೇಷನ್ ಹತ್ತಿರದ ಒಂದು ಬಿಲ್ಡಿಂಗ್‌ನ ಕೆಳಗಿನ ಖೋಲಿ. ಅಲ್ಲಿ ನಾನು ನಮ್ಮ ಕನ್ನಡದವರ ವಧೂವರರ ಕೇಂದ್ರ ನಡೆಸುತ್ತಿದ್ದೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಯಾರ ಮನೆಯ ಹುಡುಗಿ ಯಾರ ಮನೆಗೆ ಹೊಂದುತ್ತಾಳೆ ಎಂದು ತಿಳಿಯಲು ಇಂಗ್ಲಿಷ್ ಬೇಕಾಗಲೂ ಇಲ್ಲ. ಜಾತಕ ಕೂಡಿಸುವುದು ಜೋಯಿಸರ ಕೆಲಸ. ಮೈಸೂರು ಕಡೆಯವರು, ನೌಕರಿಯಿಂದ ನಿವೃತ್ತರಾದವರು. ಕಂಪ್ಯೂಟರ್ ಒತ್ತಲು ಎದುರು ಬಿಲ್ಡಿಂಗ್‌ನ ಗೃಹಿಣಿಯೊಬ್ಬಳು ಬರುತ್ತಿದ್ದಳು. ಭಾಂಡುಪ್‌ನ ಒಂದು ಕ್ಲಾಸಿನಲ್ಲಿ ಕಲಿತು ಬಂದವಳು. ಅವಳನ್ನು ನಾವೆಲ್ಲ ಆಪರೇಟರ್ ಎನ್ನುತ್ತಿದ್ದೆವು.

ನಿಮಗೆ ಜಾತಕದಲ್ಲಿ ನಂಬಿಕೆ ಇದೆಯೇ ಎಂದು ನನ್ನನ್ನು ಕೇಳುವವರಿದ್ದಾರೆ. ಸೀರೆ ಅಂಗಡಿಯವನು ತಾನು ಮಾರುವ ಸೀರೆಯನ್ನು ಉಡುತ್ತಾನೇನು? ಗಿರಾಕಿಗೆ ಬೇಕು, ನಾನು ಇಟ್ಟಿದ್ದೆ, ಅಷ್ಟೆ.

ಜಾತಕದ ಪ್ರೋಗ್ರಾಂ ಮಾಡಿಕೊಟ್ಟವರು ಆ ವಾರ ಹೊಸದೊಂದನ್ನು ಕಳಿಸಿದ್ದರು. ಹಳೆಯದು ಇಂಗ್ಲಿಷಿನಲ್ಲಿ ಛಾಪಿಸುತ್ತಿತ್ತು, ಹೊಸದು ಕನ್ನಡದಲ್ಲೇ ಛಾಪಿಸುತ್ತದೆಂದು ಹೇಳಿದ್ದರು. ಆದರೆ ಅದು ನಮ್ಮ ಹಳೆಯ ಡಾಸ್ ಮೇಲೆ ಓಡುವುದಿಲ್ಲ, ಮೊದಲು ಹೊಸ ಡಾಸ್ ಹಾಕಬೇಕು. ಡಾಸ್ ಎಂದರೆ ಕಂಪ್ಯೂಟರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮುಖ್ಯ ಪ್ರೋಗ್ರಾಂ. ಅದು ಏಳದಿದ್ದರೆ ಉಳಿದದ್ದು ಯಾವುದೂ ಏಳುವುದಿಲ್ಲ. ಆ ದಿನ ಮಧ್ಯಾಹ್ನದೊಳಗೆ ಇಷ್ಟು ಪಾಠ ನನಗೆ ಚೆನ್ನಾಗಿ ಆಯಿತು.

ಅದೇ ದಿನ ಹಾಕುವ ಅವಸರಕ್ಕೆ ಕಾರಣವಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ನಮ್ಮಲ್ಲಿ ಹೆಸರು ಬರೆಸಿ ಬಹಳ ಕಾಲವಾಗಿತ್ತು. ಮೂವತ್ತು ದಾಟಿತ್ತು. ಜಾತಕದಲ್ಲಿ ಕುಜದೋಷ ಎಂದು ಬಂದವರೆಲ್ಲ ಚಹಾ ಕುಡಿದು ಎದ್ದು ಹೋಗಿದ್ದರು. ಈಗ ಠಾಣೆಯ ಕಾರ್ಖಾನೆಯೊಂದರ ಫಿಟ್ಟರ್ ಒಬ್ಬ ಒಪ್ಪಿದ್ದ. ಅವಳೂ ಒಪ್ಪಿದ್ದಳು. ಇಬ್ಬರೂ ಎರಡು ಸಲ ಭೇಟಿಯಾಗಿ ವಡಾಪಾವ್ ತಿಂದದ್ದೂ ನನಗೆ ಗೊತ್ತಿತ್ತು. ಉಳಿದದ್ದು ಹುಡುಗನ ಸೋದರಮಾವ ಒಬ್ಬರೇ. ತಂದೆ ತಾಯಿ ಇಲ್ಲದ ಹುಡುಗನನ್ನು ಸಾಕಿದವರು, ಬಾಗಲಕೋಟೆ ಕಡೆಯವರು. ಅವರು ಮೊದಲ ಸಲ ಬಂದಾಗಲೇ ನೇರವಾಗಿ ಹೇಳಿದ್ದರು.

"ನೋಡ್ರಿ ಅಕ್ಕಾರ, ಜೋಯಿಸರಿಗೆ ದಕ್ಷಿಣಿ ಕೊಟ್ರ ಗ್ರಹ ಆಚೀಚೆ ಸರೀತಾವ. ಮಷೀನ್ ಯಾರ ಕೈಯಿಂದೂ ಇಸ್ಕೊಳ್ಳೂದಿಲ್ಲ. ಮಷೀನ್ ಜಾತಕ ಕೂಡತೈತಿ ಅಂದ್ರ ನಾ ಹೂಂ ಅಂತೀನಿ."

ಶನಿವಾರ ಮಷೀನಿನ ಕಾಗದ ನೋಡಿ ಸಂಜೆ ಕಲ್ಯಾಣ್ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ರೈಲು ಹತ್ತುವುದು ಅವರ ಲೆಕ್ಕ. ಸೊಲ್ಲಾಪುರದಲ್ಲಿ ಇನ್ನೊಂದು ಹುಡುಗಿ ಇದ್ದಳು. ಇಲ್ಲಿಯ ಕಾಗದ ಕೈಗೆ ಬರದಿದ್ದರೆ ಅಲ್ಲಿ ಮಾತು ಮುಗಿಸುತ್ತಾರೆ, ಮಾವನ ಮಾತನ್ನು ಆ ಹುಡುಗ ಮೀರುವುದಿಲ್ಲ. ಮಾವನಿಗೆ ಇಂಗ್ಲಿಷ್ ಬಾರದು. ಕನ್ನಡದಲ್ಲಿ ಛಾಪಿಸಿ ಅವರ ಕೈಯಲ್ಲೇ ಕೊಟ್ಟರೆ ಅನುಮಾನಕ್ಕೆ ಜಾಗವಿರುವುದಿಲ್ಲ ಎಂದು ನಾವು ಹೊಸ ಡಾಸ್‌ಗೆ ಕೈ ಹಾಕಿದ್ದು.

ಶನಿವಾರ ಒಂಬತ್ತಕ್ಕೆ ರಾಹುಕಾಲ. ಅದಕ್ಕೆ ಮೊದಲೇ ಮುಗಿಸಬೇಕೆಂದು ಜೋಯಿಸರು ಬೇಗ ಬಂದಿದ್ದರು. ಆದರೆ ಆಪರೇಟರ್ ಮನೆಯ ನಲ್ಲಿಯಲ್ಲಿ ಅಂದು ನೀರು ತಡವಾಗಿ ಬಂತು. ನೀರು ತುಂಬದೆ ಯಾವ ಹೆಂಗಸು ಮನೆ ಬಿಟ್ಟು ಬರುತ್ತಾಳೆ? ಅವಳು ಓಡುತ್ತ ಬಂದು ಮೊದಲ ಫ್ಲಾಪಿ ಹಾಕಿದಾಗ ರಾಹುಕಾಲ ಹೊಸ್ತಿಲಲ್ಲಿತ್ತು. ನಾನು ಹೊರಗೆ ಹಾಲಿನವನ ಜೊತೆ ಮಾತಾಡುತ್ತಿದ್ದೆ. ಒಳಗೆ ವಾದ ನಡೆದದ್ದು ಕೇಳಿಸುತ್ತಿತ್ತು.

"ಜೋಯಿಸರೇ, ನಡುವೆ ಬಂದ್ ಮಾಡಬೇಡಿ ಅಂತ ಸ್ಕ್ರೀನ್ ಮೇಲೇ ಬರ್ತಾ ಇದೆ."

"ಬರೆದವರು ಅಮೆರಿಕದವರಮ್ಮ. ಅವರಿಗೆ ರಾಹುಕಾಲ ಏನು ಗೊತ್ತು? ಒಳ್ಳೇ ಗಳಿಗೇಲಿ ಶುರುವಾಯ್ತಲ್ಲ, ಸಾಕು. ಊರಿಗೆ ಹೊರಡೋ ಮುಂಚೆ ಚೀಲ ಪಕ್ಕದ ಮನೇಲಿಟ್ಟು ಪ್ರಸ್ಥಾನ ಮಾಡಲ್ವೆ, ಹಾಗೆ. ಮಿಕ್ಕಿದ್ದು ಹತ್ತೂವರೆ ಮೇಲೆ."

ಟಕ್ ಎಂದು ಸ್ವಿಚ್ ಸದ್ದಾಯಿತು. ನಾನು ಒಳಗೆ ಬರುವಷ್ಟರಲ್ಲಿ ಜೋಯಿಸರು ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಕೈ ಮುಗಿಯುತ್ತಿದ್ದರು.

ರಾಹುಕಾಲ ಮುಗಿದ ಮೇಲೆ ಹೊದಿಕೆ ತೆಗೆದು ಸ್ವಿಚ್ ಹಾಕಿದರು. ಅಂಕಿಗಳು ದಿನದಂತೆ ಓಡಿದವು, ಕುಂಯ್ ಎಂದು ಒಮ್ಮೆ ಕೂಗಿತು, ಕೆಂಪು ದೀಪ ಮಿಣುಕಿತು. ಆಮೇಲೆ ಕಪ್ಪು ಪರದೆಯಲ್ಲಿ ಒಂದೇ ಸಾಲು ಬಂದು ನಿಂತಿತು.

"ಏನಂತದ?" ಎಂದೆ.

"ಅಜ್ಜಿ, ಕಮ್ಯಾಂಡ್ ಇಂಟರ್ಪ್ರಿಟರ್ ಸಿಗ್ತಿಲ್ಲ ಅಂತಿದೆ. ಅಂದ್ರೆ... ನಾವು ಹೇಳಿದ್ದನ್ನ ಕೇಳೋ ಫೈಲ್. ಕುಛ್ ತೋ ಗಡ್‌ಬಡ್ ಆಗಿದೆ."

ಆರಿಸಿ ಹಾಕಿದರು, ಅದೇ ಸಾಲು. ಹಿಂದಿನ ವೈರುಗಳನ್ನು ಕಿತ್ತು ಮತ್ತೆ ಒತ್ತಿ ಕೂಡಿಸಿದರು, ಅದೇ ಸಾಲು. ಹೊಸ ಡಾಸ್‌ನ ಮೊದಲ ಫ್ಲಾಪಿ ಹಾಕಿ ಬೆಳಗಿನ ಕೆಲಸವನ್ನು ಮತ್ತೆ ಮೊದಲಿಂದ ಮಾಡಲು ನೋಡಿದರು. ಆ ಫ್ಲಾಪಿಗೆ ಒಂದು ಹಟ. ಒಳಗೆ ಹಳೆಯ ಡಾಸ್ ಇದ್ದರೆ ಮಾತ್ರ ಅದರ ಮೇಲೆ ತಾನು ಕೂರುತ್ತೇನೆ ಎನ್ನುತ್ತದೆ. ಒಳಗೆ ನೋಡಿದರೆ ಅರ್ಧ ಹಳೆಯದು, ಅರ್ಧ ಹೊಸದು. ಹಳೆಯದೆಂದು ಅದನ್ನು ಗುರುತಿಸಲಿಲ್ಲ, ತನ್ನದೆಂದೂ ಒಪ್ಪಲಿಲ್ಲ. ಇಂಥ ಗಂಡಿನ ಕಡೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಷ್ಟರಲ್ಲಿ ಮಾವ ಬಂದರು. ಕೈಯಲ್ಲಿ ಚೀಲ, ಬಾಯಲ್ಲಿ ಎಲೆ.

"ಏನಾತ್ರಿ, ಮಷೀನ್ ಮುಖಾ ಕರ್ರಗ ಮಾಡೈತಿ?"

"ಕೆಟ್ಟದ. ರಿಪೇರಿ ನಡದದ. ಕೂಡ್ರಿ ಅಣ್ಣಾರ," ಎಂದೆ. ಸುಳ್ಳು ಹೇಳಿ ಏನು ಮಾಡುವುದು?

"ನಮ್ಮ ಟ್ರ್ಯಾಕ್ಟರೂ ಹಿಂಗ ಮಾಡತೈತಿ. ನಾಕ್ ಮಂದಿ ಹಿಂದಿನಿಂದ ನೂಕಿದ್ರ ಚಾಲೂ ಆಕ್ಕೈತಿ."

ಆಪರೇಟರ್ ಬಾಯಿಗೆ ಸೆರಗು ಹಿಡಿದು ನಕ್ಕಳು. ಜೋಯಿಸರು ನಗಲಿಲ್ಲ. "ಜಾತಕ ನಾನೇ ಕೈಯಲ್ಲಿ ಕೂಡಿಸಿ ಕೊಡ್ತೀನಿ ಸ್ವಾಮೀ, ಹದಿನೈದು ನಿಮಿಷ," ಎಂದರು. ಮಾವ ಅವರ ಕಡೆಗೆ ನೋಡದೆ, "ಐದೂವರಿಗೆ ನಾ ಏಳಾಂವ," ಎಂದು ನನಗೆ ಹೇಳಿ ಬೆಂಚಿನ ಮೇಲೆ ಕೂತರು.

ಯಂತ್ರ ಮಾರಿದ ಮೆಕ್ಯಾನಿಕ್ ಇರುವುದು ದಹಿಸರ್‌ನಲ್ಲಿ. ದಹಿಸರ್‌ನಿಂದ ಮುಲುಂಡ್‌ಗೆ ಬರಬೇಕಾದರೆ ದಾದರ್‌ಗೆ ಹೋಗಿ ಲೋಕಲ್ ಬದಲಿಸಬೇಕು. ಮೂಲೆಯ ಔಷಧಿ ಅಂಗಡಿಯಿಂದ ಫೋನ್ ಮಾಡಿದೆವು. ಆಪರೇಟರ್ ಹಿಂದಿಯಲ್ಲಿ ಎಲ್ಲ ಹೇಳಿದಳು. ಅವನು ಅತ್ತಲಿಂದ ಏನೋ ಹೇಳಿದ. ಇವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

"ಸೋಮವಾರವೇ ಬರ್ತಾನಂತೆ ಅಜ್ಜಿ. ಅರ್ಜೆಂಟ್ ಇದ್ರೆ ಫಾರ್ಮ್ಯಾಟ್ ಹೊಡೀರಿ, ಆಮೇಲೆ ಹೊಸದು ಹಾಕ್ರಿ ಅಂತಾನೆ."

"ಫಾರ್ಮ್ಯಾಟ್ ಅಂದ್ರ?"

"ಡಿಸ್ಕ್ ಪೂರಾ ಸಾಫ್ ಆಗತ್ತೆ."

"ಒಳಗಿನ ಜಾತಕ?"

ಅವಳು ಬರೆದುಕೊಂಡ ಅಂಗೈ ಮುಚ್ಚಿಕೊಂಡಳು. ನಾನು ಫೋನ್ ಕಸಿದುಕೊಂಡೆ. ಮೆಕ್ಯಾನಿಕ್ ಮರಾಠಿಯವನು, ನನಗೆ ಮರಾಠಿ ಬಾಯಿಪಾಠ. ಕದ ತೆರೆಯುತ್ತಿಲ್ಲವೆಂದು ಮನೆಯೊಳಗಿನ ಸಾಮಾನೆಲ್ಲ ಬೀದಿಗೆ ಎಸೆಯಲು ಹೇಳುತ್ತೀಯಲ್ಲ, ನಿನ್ನ ಮನೆಯಲ್ಲಿ ಹೀಗೇ ಮಾಡುತ್ತೀಯಾ ಎಂದು ಕೇಳಿದೆ. ಅವನು ನಕ್ಕ. ಒಳಗಿನ ಸಾಮಾನು ಸುರಕ್ಷಿತವಾಗಿದೆಯೋ ಇಲ್ಲವೋ ಅಷ್ಟು ಹೇಳು ಎಂದೆ. ಬಹುಶಃ ಇದೆ, ಎಬ್ಬಿಸುವ ಎರಡು ಮೂರು ಫೈಲ್ ಮಾತ್ರ ಹೊಂದುತ್ತಿಲ್ಲ ಎಂದ. ಹಾಗಾದರೆ ಹಿತ್ತಿಲ ಬಾಗಿಲು ಯಾವುದಾದರೂ ಇದೆಯೇ ಎಂದೆ.

"ಆಜಿ, ಹಳೆಯ ಡಾಸ್ ಇರುವ ಫ್ಲಾಪಿ ಸಿಕ್ಕರೆ ಅದರಿಂದ ಎಬ್ಬಿಸಬಹುದು. ಎದ್ದ ಮೇಲೆ ಡಿಸ್ಕಿನ ಒಳಗೆ ಹೋಗಿ ಹಳೆಯ ಪ್ರೋಗ್ರಾಂ ಓಡಿಸಬಹುದು. ಕನ್ನಡದ್ದು ಆಗುವುದಿಲ್ಲ, ಇಂಗ್ಲಿಷಿನದು ಆಗುತ್ತದೆ."

ಇದನ್ನು ಅವನು ಮೊದಲೇ ಹೇಳಬಹುದಿತ್ತು. ಫಾರ್ಮ್ಯಾಟ್ ಮುಟ್ಟಬೇಡ ಎಂದು ಆಪರೇಟರ್‌ಗೆ ಹೇಳಿದೆ. ಕನ್ನಡದ ಕಾಗದದ ಆಸೆಯನ್ನು ಅಲ್ಲೇ ಬಿಟ್ಟೆ.

ನಮ್ಮ ಹಳೆಯ ಡಾಸ್ ಫ್ಲಾಪಿ ಹುಡುಕಿದೆವು. ಸಿಕ್ಕಿತು. ಹಾಕಿದರೆ ಕರಕರ ಎಂದು ಸದ್ದು ಮಾಡಿ ಸುಮ್ಮನಾಯಿತು. ಆಪರೇಟರ್ ಅದನ್ನು ಬೆಳಕಿಗೆ ಹಿಡಿದಳು. ಒಳಗಿನ ಕಪ್ಪು ಹಾಳೆಯ ಮೇಲೆ ಬಿಳಿ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಮುಂಬಯಿಯ ಒಂದು ಮಳೆಗಾಲ ಅದಕ್ಕೆ ಸಾಕಾಗಿತ್ತು.

"ನಾನು ಕಲಿತ ಕ್ಲಾಸಲ್ಲಿ ಇದೇ ಹಳೇ ಡಾಸ್ ಇದೆ. ಆದ್ರೆ ಸರ್ ಕೊಡಲ್ಲ ಅಜ್ಜಿ, ವೈರಸ್‌ಗೆ ಹೆದರ್ತಾರೆ," ಎಂದಳು.

"ನಡಿ. ಕೊಡೂದಿಲ್ಲ ಅಂತ ಅಂವನ ಬಾಯಿಂದ ಕೇಳೂಣು."

ಒಂದೇ ಸ್ಟೇಷನ್ನಿನ ದಾರಿ. ಭಾಂಡುಪ್‌ನ ಆ ಕ್ಲಾಸಿನ ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ಫ್ರಿಜ್ಜಿನಂತೆ ತಂಪು. ಮಾಸ್ತರ ಮಂಗಳೂರು ಕಡೆಯವನು, ಕನ್ನಡಕ ಹಾಕಿದ ಗಂಭೀರ ಮುಖ.

"ಹಾಗೆಲ್ಲ ಫ್ಲಾಪಿ ಕೊಡ್ಲಿಕ್ಕೆ ಆಗುದಿಲ್ಲ ಅಜ್ಜಿ. ನಿಮ್ಮ ಮಷೀನಿಗೆ ಹೋಗಿ ಬಂದ್ರೆ ರೋಗ ಹಿಡಿತದೆ. ಮತ್ತೆ ಇಲ್ಲಿದ್ದದ್ದು ಎಲ್ಲ ಹಾಳು."

"ತಿರುಗಿ ಯಾಂವ ಕೊಡ್ತಾನ? ಖಾಲಿ ಫ್ಲಾಪಿ ನಾ ತಂದೀನಿ. ಅದರಾಗ ಹಾಕಿ ಕೊಡು. ನಿನ್ನ ಮನಿಗೆ ಅದು ಮತ್ತ ಬರೂದಿಲ್ಲ."

ಅವನು ಯೋಚಿಸಿದ. ಈ ದಾರಿ ಅವನಿಗೆ ಹೊಳೆದಿರಲಿಲ್ಲವೋ, ಎದ್ದು ಬರಲು ಬೇಸರವೋ ತಿಳಿಯದು.

"ಈಗ ಬ್ಯಾಚ್ ಉಂಟು. ನಾಲ್ಕು ಗಂಟೆಗೆ ಬನ್ನಿ."

"ನಾಲ್ಕಕ್ಕ ಬಂದ್ರ ಒಬ್ಬ ಹುಡುಗಿ ಲಗ್ನ ತಪ್ಪತದ. ನಿಮ್ಮವ್ವ ನಮ್ಮ ಕೇಂದ್ರಕ್ಕ ಎಷ್ಟು ಸಲ ಬಂದಾಳ ಅಂತ ಈ ಬ್ಯಾಚಿನವರ ಮುಂದ ಹೇಳ್ಲಿ?"

ಬ್ಯಾಚಿನಲ್ಲಿ ಹೆಚ್ಚಿನವರು ಹುಡುಗಿಯರು. ಎಲ್ಲರೂ ಕೀಲಿ ಒತ್ತುವುದನ್ನು ನಿಲ್ಲಿಸಿ ತಿರುಗಿದರು. ಮಾಸ್ತರ ಕಿವಿಯವರೆಗೆ ಕೆಂಪಾಗಿ ಎದ್ದ. ನಿಮ್ಮ ಡ್ರೈವ್ ಯಾವುದೆಂದು ಕೇಳಿದ. ಆಪರೇಟರ್, ಹಳೆಯದು, ಮುನ್ನೂರರವತ್ತು ಕೆಬಿಯದು ಎಂದಳು. ಹಾಗಾದರೆ ಹೊಸ ಡ್ರೈವಿನಲ್ಲಿ ಮಾಡಿದರೆ ನಿಮ್ಮದು ಓದುವುದಿಲ್ಲ ಎಂದು ಮೂಲೆಯ ಒಂದು ಹಳೆಯ ಯಂತ್ರವನ್ನೇ ಹುಡುಕಿ ಹೋಗಿ ಅದರಲ್ಲಿ ಮಾಡಿಕೊಟ್ಟ. ಕೆಲಸ ಬಲ್ಲವನು, ಅದರಲ್ಲಿ ತಪ್ಪು ಹೇಳಲಾರೆ. ಮುಂದಿನ ವರ್ಷ ಅವನಿಗೂ ನಾನೇ ಹೆಣ್ಣು ನೋಡಿದೆ.

ಫ್ಲಾಪಿ ಮಡಚಬಾರದು, ಬಿಸಿಲಿಗೆ ಹಿಡಿಯಬಾರದು, ಅಯಸ್ಕಾಂತದ ಹತ್ತಿರ ಒಯ್ಯಬಾರದು ಎಂದು ಹತ್ತು ನೇಮ ಹೇಳಿ ಕಳಿಸಿದ. ಎರಡು ದಪ್ಪ ಲಗ್ನಪತ್ರಿಕೆಗಳ ನಡುವೆ ಇಟ್ಟು, ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಎರಡೂ ಕೈಯಿಂದ ಎದೆಗೆ ಅವಚಿಕೊಂಡು ತಂದೆ. ಮೀನಿನ ಬುಟ್ಟಿಯವಳೊಬ್ಬಳು, "ಆಜಿ, ಸೋನಂ ಆಹೇ ಕಾಯ್?" ಎಂದು ಕೇಳಿದಳು. ಬಂಗಾರವಲ್ಲ, ಅಳಿಯ ಎಂದೆ.

ಮರಳಿ ಬಂದಾಗ ಎಕ್ಸ್‌ಚೇಂಜಿನ ಹುಡುಗಿ ಬೆಳಗಿನ ಡ್ಯೂಟಿ ಮುಗಿಸಿ ನೇರ ಬಂದು ಕೂತಿದ್ದಳು. ಮಾವ ಬೆಂಚಿನ ಆ ತುದಿ, ಇವಳು ಈ ತುದಿ. ನಡುವೆ ಅವರ ಚೀಲ.

"ನನ್ನ ಕುಂಡಲಿ ನೋಡಿ ಕಂಪ್ಯೂಟರೂ ಹೆದರಿತಾ ಅಜ್ಜಿ?" ಎಂದಳು. ನಗುತ್ತಲೇ ಕೇಳಿದಳು, ಆದರೆ ಕೈಯಲ್ಲಿದ್ದ ರುಮಾಲು ಹಗ್ಗವಾಗಿತ್ತು.

ಆಪರೇಟರ್ ಫ್ಲಾಪಿ ಹಾಕಿ ಸ್ವಿಚ್ ಒತ್ತಿದಳು. ಅಂಕಿ ಓಡಿತು, ಕುಂಯ್ ಎಂದಿತು, ಫ್ಲಾಪಿ ತಿರುಗಿತು. ಆ ಒಂದು ಸಾಲು ಬರಲಿಲ್ಲ. ಬೇರೆಯೇ ಸಾಲು ಬಂತು.

"ಎದ್ದಿತು! ತಾರೀಖು ಕೇಳ್ತಾ ಇದೆ!"

ನಮ್ಮ ಯಂತ್ರದಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರಲಿಲ್ಲ. ಎಬ್ಬಿಸಿದಾಗಲೆಲ್ಲ ಇವತ್ತು ಯಾವ ತಾರೀಖು, ಈಗ ಎಷ್ಟು ಗಂಟೆ ಎಂದು ಕೇಳುತ್ತಿತ್ತು. ಗೋಡೆ ನೋಡಿ ಹೇಳಿದರೆ ಮುಂದೆ ಹೋಗುತ್ತಿತ್ತು. ಆಪರೇಟರ್ ಬೆರಳೆತ್ತಿದಳು. ಅಷ್ಟರಲ್ಲಿ ಜೋಯಿಸರು ಅಡ್ಡ ಕೈ ಹಾಕಿದರು.

"ತಡೀರಮ್ಮ. ಈಗ ಯಮಗಂಡ ಕಾಲ. ಮೂರರವರೆಗೆ ಬೇಡ."

"ಜೋಯಿಸರ, ಮುಂಜಾನೆ ಇದನ್ನ ಕೆಡಿಸಿದ್ದು ನಿಮ್ಮ ರಾಹುಕಾಲ," ಎಂದೆ.

"ಕೆಡಿಸಿದ್ದು ರಾಹುಕಾಲವೇ ಅಲ್ವೆ ಅಮ್ಮ? ಅದಕ್ಕೇ ಹೇಳ್ತಿರೋದು!"

ಅವರು ತಮಾಷೆ ಮಾಡುತ್ತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಬೆಂಚಿನ ಮೇಲಿನ ಮಾವ, "ಅದೂ ಖರೇನ," ಎಂದು ತಲೆಯಾಡಿಸಿದರು. ಮೂರರ ತನಕ ಕಾಯಬಹುದಿತ್ತು. ಆದರೆ ಫ್ಲಾಪಿಯ ಮೇಲೆ ನಿಂತಿರುವ ಯಂತ್ರ ಎಷ್ಟು ಹೊತ್ತು ನಿಲ್ಲುತ್ತದೋ ಯಾರಿಗೆ ಗೊತ್ತು? ಪ್ರಿಂಟರ್ ಏನು ತಕರಾರು ತೆಗೆಯುತ್ತದೋ? ವಾದ ಮಾಡಿದರೆ ಇಬ್ಬರು ಗಂಡಸರೂ ಒಂದಾಗುತ್ತಾರೆ. ಪರದೆಯ ಮೇಲೆ ಆ ಚುಕ್ಕೆ ಮಿಣಕ್ ಮಿಣಕ್ ಎಂದು ಉತ್ತರ ಕಾಯುತ್ತಿತ್ತು.

"ಜೋಯಿಸರ, ಈಗ ಗಂಟಿ ಎಷ್ಟು ಅಂತ ಇದಕ್ಕ ಗೊತ್ತದ ಏನು?"

"ಇಲ್ಲ. ನಾವು ಹೇಳ್ಬೇಕು."

"ನಾವು ಹೇಳಿದ್ದ ಇದಕ್ಕ ಖರೆ?"

"ಹೌದು, ಅದರ ಮಟ್ಟಿಗೆ ಅಷ್ಟೇ."

"ಹಂಗಾದ್ರ ನಿಮ್ಮ ಪಂಚಾಂಗ ತೆಗೀರಿ. ಛೊಲೊ ಗಳಿಗಿ ಯಾವುದು ಅದ ಅದನ್ನ ಹೇಳ್ರಿ. ಯಮಗಂಡ ನಮಗ ಇರಲಿ. ಮಷೀನ್ ಒಳ್ಳೆ ಗಳಿಗ್ಯಾಗ ಕೆಲಸ ಮಾಡಲಿ."

ಜೋಯಿಸರು ಕನ್ನಡಕ ಒರೆಸಿ ಪಂಚಾಂಗ ಬಿಡಿಸಿದರು. ಮುಖದಲ್ಲಿ ಮೆಲ್ಲಗೆ ಕಳೆ ಬಂತು.

"ನಾಳೆ ಭಾನುವಾರ, ಹಸ್ತಾ ನಕ್ಷತ್ರ. ಅಮೃತಸಿದ್ಧಿ ಯೋಗ! ಬೆಳಿಗ್ಗೆ ಹತ್ತು ಗಂಟೆ ಹಾಕಮ್ಮ."

ಆಪರೇಟರ್ ನನ್ನ ಮುಖ ನೋಡಿದಳು. ಹಾಕು ಎಂದೆ. ಅವಳು ನಾಳೆಯ ತಾರೀಖು ಹಾಕಿದಳು, ಬೆಳಗಿನ ಹತ್ತು ಗಂಟೆ ಹಾಕಿದಳು. ಯಂತ್ರ ಒಪ್ಪಿಕೊಂಡಿತು. ಅವಳು ಫ್ಲಾಪಿಯಿಂದ ಡಿಸ್ಕಿಗೆ ಹೋಗಿ, ಒಂದೊಂದೇ ಕೋಣೆ ದಾಟಿ ಹಳೆಯ ಪ್ರೋಗ್ರಾಂ ಇರುವಲ್ಲಿಗೆ ಮುಟ್ಟಿದಳು. ಜಾತಕಗಳೆಲ್ಲ ಇದ್ದವು. ಹುಡುಗನದು ತೆಗೆದಳು, ಹುಡುಗಿಯದು ತೆಗೆದಳು. ಪ್ರಿಂಟರ್ ಕರ್ ಕರ್ ಎಂದು ಸಾಲು ಕೊರೆಯತೊಡಗಿತು. ಆ ಸದ್ದಿಗೆ ಅಕ್ಕಪಕ್ಕದವರು ದಿನವೂ ಬೈಯುತ್ತಿದ್ದರು. ಅಂದು ನನಗೆ ಅದು ಓಲಗ ಕೇಳಿದಂತೆ ಕೇಳಿತು.

ಕಾಗದ ಹರಿದು ಮಾವನ ಕೈಗೆ ಕೊಟ್ಟೆ. ಅವರು ತಿರುವಿ ನೋಡಿದರು. "ಇಂಗ್ಲೀಷದಾಗ ಐತಿ." ಜೋಯಿಸರು ಕೈ ಚಾಚಿದರು. ಮಾವ ಕೊಡಲಿಲ್ಲ. ಆಪರೇಟರ್‌ಗೂ ಕೊಡಲಿಲ್ಲ. ಅವಳು ನಮ್ಮ ಕಡೆಯವಳಲ್ಲವೇ? ಖೋಲಿಯನ್ನೆಲ್ಲ ಒಮ್ಮೆ ನೋಡಿ, ಬೆಂಚಿನ ಆ ತುದಿಯಿಂದ ಕಾಗದವನ್ನು ಈ ತುದಿಗೆ ಚಾಚಿದರು.

"ನೀ ಓದವಾ. ಇದ್ದದ್ದು ಇದ್ದಂಗ."

ಹುಡುಗಿ ಎದ್ದು ನಿಂತಳು. ಫೋನಿನಲ್ಲಿ ನಂಬರ್ ಹೇಳಿ ಹೇಳಿ ಪಳಗಿದ ದನಿ, ಒಂದೊಂದು ಅಕ್ಷರ ಬಿಡಿಸಿ ಓದಿದಳು. ಹೆಸರು, ನಕ್ಷತ್ರ, ರಾಶಿ. ಮೂವತ್ತಾರು ಗುಣಗಳಲ್ಲಿ ಇಪ್ಪತ್ತನಾಲ್ಕು. ಕುಜದೋಷ ಇಬ್ಬರಿಗೂ ಇದೆ, ಆದ್ದರಿಂದ ದೋಷವಿಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಕಾಗದದ ತಲೆಯ ಕಡೆಗೆ ಕಣ್ಣು ಹೊರಳಿಸಿದಳು, ಹುಬ್ಬು ಗಂಟಾಯಿತು. ಒಂದು ಗಳಿಗೆ ನನ್ನನ್ನು ನೋಡಿದಳು. ಹಾಕಿದ ತಾರೀಖು ಕಾಗದದ ಮೇಲೂ ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

"ಮಾಮಾ, ಇದರಲ್ಲಿ ಒಂದು ಗಲತ್ ಇದೆ. ಮೇಲೆ ನಾಳೆ ತಾರೀಖು ಬಂದಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆ ಮೇಲೆ ಹನ್ನೆರಡು ನಿಮಿಷ."

ಜೋಯಿಸರು ಪಂಚಾಂಗದೊಳಗೆ ತಲೆ ಹುದುಗಿಸಿದರು.

"ಗಲತ್ ಅಲ್ಲ. ನಿಮ್ಮ ಕಣ್ಣ ಮುಂದನ ಹಾಕಿದ್ದು ಅಣ್ಣಾರ," ಎಂದೆ. "ಯಮಗಂಡ ಅಂದ್ರಿ, ಅದಕ್ಕ ಮಷೀನಿಗೆ ನಾಳಿನ ಗಳಿಗಿ ಹೇಳಿದಿವಿ. ಗುಣದ ಲೆಕ್ಕ ಹುಟ್ಟಿದ ದಿನದ ಮ್ಯಾಲೆ ಆಗತದ, ಇವತ್ತಿನ ಮ್ಯಾಲೆ ಅಲ್ಲ. ಬೇಕಾದ್ರ ನಂಬ್ರಿ, ಬ್ಯಾಡಾದ್ರ ಐದೂವರಿಗೆ ಏಳ್ರಿ."

ಮಾವ ಕಾಗದ ತಿರುಗಿ ತೆಗೆದುಕೊಂಡರು. ಅದರ ತಲೆಯನ್ನು ಬೆರಳಿನಿಂದ ಸವರಿದರು. ಆಮೇಲೆ ಬೆಳಗಿನಿಂದ ಮೊದಲ ಸಲ ಜೋಯಿಸರ ಕಡೆಗೆ ತಿರುಗಿದರು.

"ಜೋಯಿಸರ, ನಾಳೆ ಗಳಿಗಿ ಖರೇನ ಅಷ್ಟು ಛೊಲೊ ಐತೇನ್ರಿ?"

"ಅಮೃತಸಿದ್ಧಿ, ಸ್ವಾಮೀ. ಹೀಗೆ ಕೂಡಿ ಬರೋದು ಅಪರೂಪ."

"ಹಂಗಿದ್ರ ಇವತ್ತು ಯಾಕ ಮಾತಾಡೂದು? ನಾಳೆ ಹತ್ತಕ್ಕ ಎಲಿ ಅಡಕಿ ಹಿಡಿಯೂಣು. ಮಷೀನ್ ತಾನಾಗಿ ದಿವಸ ಬರದು ಕೊಟ್ಟೈತಿ."

"ಸೊಲ್ಲಾಪುರದವರು?" ಎಂದೆ.

"ಅವರಿಗೆ ತಾರ ಹೊಡೀತೀನಿ." ಹುಡುಗಿಯ ಕಡೆಗೆ ನೋಡಿದರು. "ತಪ್ಪಿದ್ದನ್ನೂ ಓದಿದ್ಲು ನೋಡ್ರಿ. ನಮ್ಮ ಹುಡುಗ ಭಾಳ ಸಾದಾ, ಅಂವಗ ಇಂಥಾಕಿನ ಬೇಕು."

ಹುಡುಗಿ ನಿಂತಲ್ಲೇ ನಿಂತಿದ್ದಳು. "ಅಜ್ಜಿ, ನಾಳೆ ನನಗೆ ಮಾರ್ನಿಂಗ್ ಡ್ಯೂಟಿ ಇದೆ," ಎಂದಳು.

"ಬದಲಿ ಹಾಕ್ಕೋ ಹೋಗು. ಎಕ್ಸ್‌ಚೇಂಜಿನಾಗ ಕೂತು ಲಗ್ನ ಗೊತ್ತು ಮಾಡ್ಕೋತೀ ಏನು?"

ಹೊಸ ಡಾಸನ್ನು ಸೋಮವಾರ ದಹಿಸರ್‌ನ ಮೆಕ್ಯಾನಿಕ್ ಬಂದು, ಎಲ್ಲ ಫ್ಲಾಪಿಗಳನ್ನೂ ನಡುವೆ ಎಲ್ಲೂ ನಿಲ್ಲಿಸದೆ ಹಾಕಿ ಹೋದ. ಅಷ್ಟು ಹೊತ್ತು ಜೋಯಿಸರನ್ನು ನಾನು ಚಹಾ ಕುಡಿಯಲು ಹೊರಗೆ ಕಳಿಸಿದ್ದೆ. ಭಾನುವಾರ ಮಾತ್ರ ಯಂತ್ರದ ಗೊಡವೆಗೆ ಯಾರೂ ಹೋಗಲಿಲ್ಲ. ಹುಡುಗಿಯ ಮನೆಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಎಲ್ಲರೂ ಸೇರಿದರು. ಫಿಟ್ಟರ್ ಇಸ್ತ್ರಿ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಮಾವ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಜೇಬಿನಿಂದ ಆ ಇಂಗ್ಲಿಷ್ ಕಾಗದ ತೆಗೆದು ಎಲ್ಲದರ ಮೇಲೆ ಇಟ್ಟರು. ಅಷ್ಟು ಹೊತ್ತಿಗೆ ಅದರ ಮೇಲಿನ ತಾರೀಖು ಸರಿಯಾಗಿತ್ತು.